ಸಲಹೆಗಾರರು ಮುನಿಸಿಕೊಳ್ಳುವುದು ಯಾವಾಗ?

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಪ್ರಧಾನಿ, ಮುಖ್ಯಮಂತ್ರಿಗಳ ಸುತ್ತ ಕಾರ್ಯದರ್ಶಿಗಳು, ಸಲಹೆಗಾರರು, ಆಪ್ತರು ಅಂತ ದೊಡ್ಡ ಗುಂಪೇ ಇರುತ್ತದೆ. ಅವರಲ್ಲಿ ಕೆಲವರು ತುಂಬ ಬುದ್ಧಿವಂತರು, ಆದರೆ ಅಷ್ಟೇ ಬೇಗ ನೊಂದುಕೊಳ್ಳುವವರು. ಇಂಥವರನ್ನು ನಾಯಕರು ತೆರೆಮರೆಯಲ್ಲಿ ಹೇಗೆ ನಿಭಾಯಿಸುತ್ತಾರೆ? ರಾಜೀನಾಮೆಯ ಸುದ್ದಿ ಬಂದಾಗ ಒಳಗೆ ಏನು ನಡೆದಿರುತ್ತದೆ? ಸಲಹೆಗಾರ ತನ್ನ ಭಿನ್ನಾಭಿಪ್ರಾಯವನ್ನು ಹೊರಗೆ ಹೇಳಿದರೆ ಅದು ದ್ರೋಹವೇ?

ಉತ್ತರ: ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನ ಸಲಹೆಯನ್ನು ನಾಯಕ ಒಪ್ಪಲಿಲ್ಲ ಅಂತ ಬಿಟ್ಟು ಹೋಗುವವರು ಬಹಳ ಕಡಿಮೆ. ದೊಡ್ಡ ಹುದ್ದೆಯಲ್ಲಿ ಇರುವವರಿಗೆ ಸೋತು ಅಭ್ಯಾಸ ಇರುತ್ತದೆ. ಹತ್ತು ಸಲಹೆ ಕೊಟ್ಟರೆ ನಾಲ್ಕು ನಡೆಯಬಹುದು, ಅದು ಅವರಿಗೆ ಗೊತ್ತು. ಅವರು ತಡೆದುಕೊಳ್ಳಲಾರದ ಸಂಗತಿ ಬೇರೆ. ತಮಗೆ ಹೇಳದೆ, ತಮ್ಮನ್ನು ದಾಟಿಕೊಂಡು, ಬೇರೆ ಯಾರದೋ ಮೂಲಕ ಕೆಲಸ ನಡೆದದ್ದು ಗೊತ್ತಾದರೆ ಅವರು ಕುದಿದುಹೋಗುತ್ತಾರೆ. ಮನೆ ಕಟ್ಟಿಸುವಾಗ ಮೇಸ್ತ್ರಿಯನ್ನು ಬಿಟ್ಟು ಗಾರೆಯವನಿಗೆ ನೇರವಾಗಿ ಹೇಳಿ ಗೋಡೆ ಬದಲಿಸಿದರೆ ಮೇಸ್ತ್ರಿ ಏನು ಮಾಡುತ್ತಾನೆ? ಗೋಡೆ ಸರಿಯಾಗಿದ್ದರೂ ಸಿಟ್ಟಾಗುತ್ತಾನೆ. ರಾಜಕೀಯದ ದೊಡ್ಡ ದೊಡ್ಡ ಮುನಿಸುಗಳ ಬುಡ ಹುಡುಕಿದರೆ ಬಹಳ ಸಲ ಇದೇ ಸಿಗುತ್ತದೆ.

ಸ್ವತಂತ್ರ ಭಾರತದ ಮೊದಲ ತಿಂಗಳುಗಳಲ್ಲೇ ಇದಕ್ಕೆ ಉದಾಹರಣೆ ಇದೆ. 1947ರ ಡಿಸೆಂಬರ್‌ನಲ್ಲಿ ಅಜ್ಮೀರದಲ್ಲಿ ಕೋಮುಗಲಭೆ ಆಯಿತು. ಗೃಹ ಖಾತೆ ಸರ್ದಾರ್ ಪಟೇಲರ ಕೈಯಲ್ಲಿತ್ತು. ನೆಹರೂ ತಾವೇ ಅಲ್ಲಿಗೆ ಹೋಗುವುದಾಗಿ ಹೇಳಿದ್ದರು. ಹೋಗಲು ಆಗಲಿಲ್ಲ. ತಮ್ಮ ಪ್ರಧಾನ ಆಪ್ತ ಕಾರ್ಯದರ್ಶಿ ಎಚ್.ವಿ.ಆರ್. ಅಯ್ಯಂಗಾರ್ ಅವರನ್ನು ಕಳಿಸಿದರು. ಅಯ್ಯಂಗಾರ್ ಹೋಗಿ, ನೋಡಿ, ಜನರನ್ನು ಮಾತಾಡಿಸಿ ಬಂದರು. ಪಟೇಲರಿಗೆ ಇದು ಸರಿ ಕಾಣಲಿಲ್ಲ. ಅಜ್ಮೀರದ ಮುಖ್ಯ ಆಯುಕ್ತರು ಗೃಹ ಇಲಾಖೆಗೆ ಜವಾಬ್ದಾರರು. ಅವರ ಕೆಲಸವನ್ನು ಪ್ರಧಾನಿ ಕಚೇರಿಯ ಅಧಿಕಾರಿಯೊಬ್ಬರು ಹೋಗಿ ನೋಡಿ ಬರುವುದು ಎಂದರೆ ಏನರ್ಥ? ಪತ್ರಗಳು ಓಡಾಡಿದವು. ಒಬ್ಬ ಅಧಿಕಾರಿಯ ಪ್ರವಾಸದಿಂದ ಶುರುವಾದದ್ದು, ಪ್ರಧಾನಿಯ ಅಧಿಕಾರ ಎಲ್ಲಿಯವರೆಗೆ ಅನ್ನುವ ಪ್ರಶ್ನೆಯವರೆಗೆ ಬೆಳೆಯಿತು. ಇಬ್ಬರೂ ಸರ್ಕಾರ ಬಿಡುವ ಮಾತಾಡಿದರು. ಇಬ್ಬರೂ 1948ರ ಜನವರಿಯಲ್ಲಿ ಗಾಂಧೀಜಿಗೆ ಟಿಪ್ಪಣಿ ಬರೆದುಕೊಟ್ಟರು. ಜನವರಿ 30ರ ಸಂಜೆ ಗಾಂಧೀಜಿ ಕೊನೆಯದಾಗಿ ಕುಳಿತು ಮಾತಾಡಿದ್ದು ಪಟೇಲರ ಜೊತೆ, ಇದೇ ವಿಚಾರವಾಗಿ. ಆ ಮಾತಿನಿಂದಲೇ ಪ್ರಾರ್ಥನೆಗೆ ತಡವಾಗಿತ್ತು. ಹತ್ಯೆಯ ನಂತರ ಇಬ್ಬರೂ ಜಗಳ ಪಕ್ಕಕ್ಕಿಟ್ಟು ಜೊತೆಗೆ ನಿಂತರು.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇನ್ನೊಂದಿದೆ. ಅದೇ ಅಯ್ಯಂಗಾರ್ ಮುಂದೆ ಪಟೇಲರ ಕೈಕೆಳಗೇ ಗೃಹ ಕಾರ್ಯದರ್ಶಿಯಾದರು. ಆಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಕೂಡ ಆದರು. ಪಟೇಲರ ಸಿಟ್ಟು ಆ ಅಧಿಕಾರಿಯ ಮೇಲೆ ಇರಲಿಲ್ಲ, ಆತನನ್ನು ಕಳಿಸಿದ ರೀತಿಯ ಮೇಲೆ ಇತ್ತು. ದೊಡ್ಡ ಮನುಷ್ಯರು ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಬಲ್ಲರು. ಇವತ್ತು ಒಬ್ಬ ಮಂತ್ರಿಗೆ ಮುನಿಸು ಬಂದರೆ ಮೊದಲು ವರ್ಗಾವಣೆ ಆಗುವುದು ಸಿಬ್ಬಂದಿಗೆ, ಅಲ್ವಾ?

ಇನ್ನು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಕಥೆಗೆ ಬರೋಣ. ಅದು ಶುರುವಾಗುವುದು ಇನ್ನೊಬ್ಬರಿಂದ. ಬೇಗ ನೊಂದುಕೊಳ್ಳುವ ಬುದ್ಧಿವಂತ ಸಲಹೆಗಾರ ಅಂದ ತಕ್ಷಣ ಭಾರತದಲ್ಲಿ ನೆನಪಾಗಬೇಕಾದ ಹೆಸರು ವಿ.ಕೆ. ಕೃಷ್ಣ ಮೆನನ್. ನೆಹರೂ ಅವರಿಗೆ ಲಂಡನ್ ದಿನಗಳಿಂದ ಹತ್ತಿರದವರು. ಓದಿನಲ್ಲಿ, ವಾದದಲ್ಲಿ ಎತ್ತಿದ ಕೈ. ಆದರೆ ಮಾತು ಚುಚ್ಚುವಂಥದ್ದು, ಮನಸ್ಸು ಬಹಳ ಮೆದು. ಸಣ್ಣ ಅನುಮಾನಕ್ಕೂ ಒಡೆದುಹೋಗುತ್ತಿದ್ದರು, ಆರೋಗ್ಯ ಕೆಡಿಸಿಕೊಳ್ಳುತ್ತಿದ್ದರು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದಾಗ ಜೀಪ್ ಖರೀದಿಯ ವಿವಾದ ಬಂತು, ಆರೋಗ್ಯವೂ ಕೆಟ್ಟಿತ್ತು. ಆಗ ಅವರನ್ನು ಬದಲಿಸಲು ನೆಹರೂ ಪಟ್ಟ ಪಾಡು ಓದಿದರೆ ಅಯ್ಯೋ ಅನ್ನಿಸುತ್ತದೆ. ಸಮಾಧಾನದ ಪತ್ರಗಳು, ಮಧ್ಯವರ್ತಿಗಳು, ಬೇರೆ ಹುದ್ದೆಯ ಮಾತು. ಕೊನೆಗೆ 1952ರಲ್ಲಿ ಅವರ ಜಾಗಕ್ಕೆ ಬಿ.ಜಿ. ಖೇರ್ ಬಂದರು, ಮೆನನ್ ವಿಶ್ವಸಂಸ್ಥೆಯ ಕೆಲಸಕ್ಕೆ ಹೋದರು. 1957ರಲ್ಲಿ ರಕ್ಷಣಾ ಮಂತ್ರಿಯಾದರು.

ಅದೇ ವರ್ಷ ಸೇನಾ ಮುಖ್ಯಸ್ಥರಾದವರು ಜನರಲ್ ಕೆ.ಎಸ್. ತಿಮ್ಮಯ್ಯ, ಮಡಿಕೇರಿಯಲ್ಲಿ ಹುಟ್ಟಿದವರು. ಕಾಶ್ಮೀರದಲ್ಲಿ ಜೋಜಿಲಾ ದಾರಿಗೆ ಟ್ಯಾಂಕ್ ಹತ್ತಿಸಿದ ಸಾಹಸಿ, ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿ ಹೆಸರು ಮಾಡಿದವರು. ಇಬ್ಬರೂ ಸಮರ್ಥರು, ಇಬ್ಬರಿಗೂ ಸ್ವಾಭಿಮಾನ ಜಾಸ್ತಿ. ಬಡ್ತಿಗಳ ವಿಚಾರದಲ್ಲಿ ಜಗಳ ಹತ್ತಿಕೊಂಡಿತು. ಅದರಲ್ಲೂ ಬಿ.ಎಂ. ಕೌಲ್ ಅವರ ಬಡ್ತಿ. ಕೌಲ್ ಅವರಿಗೆ ಪ್ರಧಾನಿಯ ಮನೆಗೆ ನೇರ ಪ್ರವೇಶವಿದೆ ಅನ್ನುವುದು ಸೇನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ತನ್ನ ಕೈಕೆಳಗಿನ ಅಧಿಕಾರಿಯೊಬ್ಬ ತನ್ನ ತಲೆಯ ಮೇಲಿಂದ ಪ್ರಧಾನಿಯ ಜೊತೆ ಮಾತಾಡಬಲ್ಲ ಅಂತಾದರೆ ಒಬ್ಬ ಸೇನಾ ಮುಖ್ಯಸ್ಥನಿಗೆ ಹೇಗಾಗಬೇಡ?

1959ರ ಆಗಸ್ಟ್‌ನಲ್ಲಿ ತಿಮ್ಮಯ್ಯ ತಾವೂ ನೇರವಾಗಿ ನೆಹರೂ ಬಳಿ ಹೋಗಿ ತಮ್ಮ ಕಷ್ಟ ಹೇಳಿಕೊಂಡರು. ಗಡಿಯಲ್ಲಿ ಚೀನಾದ ಜೊತೆ ಬಿಸಿ ಏರುತ್ತಿದ್ದ ಸಮಯ ಅದು. ಆಗಸ್ಟ್ 25ರಂದು ಲೊಂಗ್ಜುವಿನಲ್ಲಿ ಗುಂಡು ಹಾರಿತ್ತು. ನೆಹರೂ ತಿಮ್ಮಯ್ಯನವರ ಮಾತನ್ನು ಮೆನನ್‌ಗೆ ತಿಳಿಸಿದರು. ಈಗ ಸಿಟ್ಟಾಗುವ ಸರದಿ ಮೆನನ್ ಅವರದ್ದು. ಮಂತ್ರಿಯಾದ ನನ್ನನ್ನು ದಾಟಿ ಪ್ರಧಾನಿ ಬಳಿ ಹೋದೆಯಾ ಅಂತ ಅವರು ತಿಮ್ಮಯ್ಯನವರನ್ನು ಕರೆಸಿ ತರಾಟೆಗೆ ತೆಗೆದುಕೊಂಡರು. ತಿಮ್ಮಯ್ಯ ಆಗಸ್ಟ್ 31ರಂದು ರಾಜೀನಾಮೆ ಬರೆದು ಕಳಿಸಿದರು. ಈ ಮಂತ್ರಿಯ ಕೆಳಗೆ ಕೆಲಸ ಮಾಡಲು ಆಗುವುದಿಲ್ಲ ಅನ್ನುವುದೇ ಅದರ ಸಾರ.

ನೆಹರೂ ತಕ್ಷಣ ಅವರನ್ನು ಕರೆಸಿಕೊಂಡರು. ಒಬ್ಬರೇ ಕುಳಿತು ಮಾತಾಡಿ ಒಲಿಸಿದರು. ತಿಮ್ಮಯ್ಯ ರಾಜೀನಾಮೆ ವಾಪಸ್ ಪಡೆದರು. ಇಲ್ಲಿಯವರೆಗೆ ನೆಹರೂ ಮಾಡಿದ್ದು ಸರಿಯಾಗಿಯೇ ಇತ್ತು ಅಂತ ನನ್ನ ಭಾವನೆ. ತಪ್ಪು ನಡೆದದ್ದು ಆಮೇಲೆ. ಸುದ್ದಿ ಪತ್ರಿಕೆಗೆ ಸೋರಿತು. ಸೆಪ್ಟೆಂಬರ್ 2ರಂದು ನೆಹರೂ ಸಂಸತ್ತಿನಲ್ಲಿ ಎದ್ದು ನಿಂತು, ಇವೆಲ್ಲ ಸ್ವಭಾವ ಹೊಂದದ ಸಣ್ಣ ವಿಷಯಗಳು ಅನ್ನುವ ಹಾಗೆ ಮಾತಾಡಿದರು. ಇಂಥ ಹೊತ್ತಿನಲ್ಲಿ ಸೇನಾ ಮುಖ್ಯಸ್ಥರು ರಾಜೀನಾಮೆ ಕೊಟ್ಟದ್ದು ಸರಿಯಲ್ಲ ಅಂತ ಸದನದ ಎದುರೇ ಹೇಳಿದರು. ಮೆನನ್ ಬಗ್ಗೆ ಒಳ್ಳೆಯ ಮಾತಾಡಿದರು. ಬಾಗಿಲು ಹಾಕಿಕೊಂಡು ಒಲಿಸಿದ ಮನುಷ್ಯನನ್ನು ಬಾಗಿಲು ತೆರೆದು ಚಿಕ್ಕವನನ್ನಾಗಿ ಮಾಡಿದರು.

ಸೈನಿಕ ಅಧಿಕಾರದ ಮೇಲೆ ಚುನಾಯಿತ ಸರ್ಕಾರದ ಹಿಡಿತ ಇರಬೇಕು ಅನ್ನುವುದು ನೆಹರೂ ಅವರ ಕಾಳಜಿ. ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಅಧಿಕಾರ ಹಿಡಿದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಆ ಕಾಳಜಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ತತ್ವವನ್ನು ಹೇಳಲು ತಿಮ್ಮಯ್ಯನವರ ಮರ್ಯಾದೆ ತೆಗೆಯುವ ಅಗತ್ಯ ಇರಲಿಲ್ಲ. ಅದರ ಬೆಲೆ ದೊಡ್ಡದಾಯಿತು. ತಿಮ್ಮಯ್ಯ 1961ರ ಮೇ ತಿಂಗಳಲ್ಲಿ ನಿವೃತ್ತರಾಗುವವರೆಗೂ ಹುದ್ದೆಯಲ್ಲಿದ್ದರು, ಆದರೆ ಅವರ ಮಾತಿನ ತೂಕ ಇಳಿದಿತ್ತು. ಅವರ ನಂತರ ಮುಖ್ಯಸ್ಥರಾಗಲು ಅವರು ಬಯಸಿದ್ದು ಜನರಲ್ ಥೋರಟ್ ಅವರನ್ನು. ಆದವರು ಪಿ.ಎನ್. ಥಾಪರ್. ಕೌಲ್ ಇನ್ನೂ ಮೇಲೆ ಹೋದರು, 1962ರ ಅಕ್ಟೋಬರ್‌ನಲ್ಲಿ ಈಶಾನ್ಯ ಗಡಿಯ ಹೊಣೆ ಹೊತ್ತ ಕೋರ್ ಕಮಾಂಡರ್ ಆದರು. ಆ ವರ್ಷದ ಯುದ್ಧದಲ್ಲಿ ಚೀನಾದ ಎದುರು ಆದ ಸೋಲಿಗೆ ಬೇರೆ ಕಾರಣಗಳೂ ಬಹಳ ಇದ್ದವು. ಆದರೂ ಕೆಟ್ಟ ಸುದ್ದಿಯನ್ನು ಮುಖಕ್ಕೆ ಹೊಡೆದಂತೆ ಹೇಳಬಲ್ಲವರು ಆ ಹೊತ್ತಿಗೆ ಸೇನೆಯ ಮೇಲ್ಮಟ್ಟದಲ್ಲಿ ಕಡಿಮೆಯಾಗಿದ್ದರು, ಅದಕ್ಕೆ 1959ರ ಆ ವಾರ ಒಂದು ಕಾರಣ ಅಂತ ನಾನು ನಂಬುತ್ತೇನೆ. ಮೆನನ್ ಕೂಡ ಉಳಿಯಲಿಲ್ಲ. 1962ರ ನವೆಂಬರ್‌ನಲ್ಲಿ ಸಂಪುಟದಿಂದಲೇ ಹೊರಹೋದರು. ತಿಮ್ಮಯ್ಯ 1965ರ ಡಿಸೆಂಬರ್‌ನಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿದ್ದಾಗಲೇ ತೀರಿಕೊಂಡರು. ಕೊಡಗಿನಲ್ಲಿ ಇವತ್ತಿಗೂ ಈ ಪ್ರಕರಣದ ಮಾತು ಬಂದರೆ ಹಿರಿಯರ ಧ್ವನಿ ಬದಲಾಗುತ್ತದೆ. ಅದು ಸುಮ್ನೆ ಅಲ್ಲ.

ಹಾಗಾದರೆ ನಾಯಕ ಒಬ್ಬರ ಮಾತನ್ನೇ ಕೇಳುತ್ತಾ ಕೂರಬೇಕಾ? ಇಲ್ಲ. ಒಂದೇ ಬಾಗಿಲಿನಿಂದ ಸುದ್ದಿ ಬಂದರೆ ಆ ಬಾಗಿಲು ಕಾಯುವವನೇ ರಾಜ್ಯ ಆಳುತ್ತಾನೆ. ನೆಹರೂ ಅವರ ವಿಶೇಷ ಸಹಾಯಕರಾಗಿದ್ದ ಎಂ.ಓ. ಮಥಾಯಿ ಇದಕ್ಕೆ ಸಾಕ್ಷಿ. ಪ್ರಧಾನಿಗೆ ಹೋಗುವ ಕಾಗದವೆಲ್ಲ ಅವರ ಕಣ್ಣು ದಾಟಿಯೇ ಹೋಗಬೇಕು ಅನ್ನುವಷ್ಟು ಬೆಳೆದು, ಆರೋಪಗಳು ಬಂದು 1959ರ ಆರಂಭದಲ್ಲಿ ಹೊರಗೆ ಹೋದರು. ಅಮೆರಿಕದ ಫ್ರಾಂಕ್ಲಿನ್ ರೂಸ್ವೆಲ್ಟ್ ಇದಕ್ಕೆ ಪೂರ್ತಿ ವಿರುದ್ಧ. ಒಂದೇ ಕೆಲಸವನ್ನು ಇಬ್ಬರಿಗೆ ಕೊಡುತ್ತಿದ್ದರು, ಇಬ್ಬರಿಂದಲೂ ಸುದ್ದಿ ಪಡೆಯುತ್ತಿದ್ದರು. 1941ರಲ್ಲಿ ತಮ್ಮ ಆಪ್ತ ಹ್ಯಾರಿ ಹಾಪ್ಕಿನ್ಸ್ ಅವರನ್ನು ಚರ್ಚಿಲ್ ಬಳಿಗೂ ಸ್ಟಾಲಿನ್ ಬಳಿಗೂ ಕಳಿಸಿದರು. ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಪಕ್ಕದಲ್ಲೇ ಕುಳಿತು ನೋಡಬೇಕಾಯಿತು. ಹಲ್ ಅವರ ಕೈಕೆಳಗಿನ ಸಮ್ನರ್ ವೆಲ್ಸ್‌ಗೂ ಅಧ್ಯಕ್ಷರ ನೇರ ಸಂಪರ್ಕ ಇತ್ತು. ಹಲ್ ಆ ನೋವನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡರು. 1943ರಲ್ಲಿ ವೆಲ್ಸ್ ಹೋಗಲೇಬೇಕಾಯಿತು. ರೂಸ್ವೆಲ್ಟ್‌ಗೆ ಬೇಕಾದ ಸುದ್ದಿ ಸಿಕ್ಕಿತು, ಆದರೆ ಒಬ್ಬ ಒಳ್ಳೆಯ ಸಹಾಯಕ ಕೈಬಿಟ್ಟುಹೋದ.

ಬ್ರಿಟನ್ನಿನಲ್ಲಿ 1989ರಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ನೈಜೆಲ್ ಲಾಸನ್ ಆರು ವರ್ಷಗಳಿಂದ ಹಣಕಾಸು ಮಂತ್ರಿ. ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಆಲನ್ ವಾಲ್ಟರ್ಸ್ ಅನ್ನುವ ಖಾಸಗಿ ಆರ್ಥಿಕ ಸಲಹೆಗಾರರಿದ್ದರು. ಯುರೋಪಿನ ವಿನಿಮಯ ದರ ವ್ಯವಸ್ಥೆಗೆ ಸೇರಬೇಕು ಅಂತ ಲಾಸನ್ ಮನಸ್ಸು, ಕೂಡದು ಅಂತ ವಾಲ್ಟರ್ಸ್ ವಾದ. ಥ್ಯಾಚರ್ ಒಪ್ಪದೇ ಇದ್ದದ್ದನ್ನು ಲಾಸನ್ ವರ್ಷಗಳ ಕಾಲ ಸಹಿಸಿದ್ದರು. ದೇಶದ ಹಣಕಾಸು ನೀತಿ ಯಾರ ಬಾಯಿಂದ ಬರುತ್ತಿದೆ ಅನ್ನುವ ಗೊಂದಲ ಪೇಟೆಗೆ ಬಂದಾಗ ಅವರಿಗೆ ತಡೆಯಲಾಗಲಿಲ್ಲ. ವಾಲ್ಟರ್ಸ್ ಹೋಗಬೇಕು, ಇಲ್ಲವೇ ನಾನು ಹೋಗುತ್ತೇನೆ ಅಂದರು. ಅಕ್ಟೋಬರ್ 26ರಂದು ಲಾಸನ್ ರಾಜೀನಾಮೆ ಕೊಟ್ಟರು. ಅದೇ ದಿನ ವಾಲ್ಟರ್ಸ್ ಕೂಡ ಹೊರನಡೆದರು. ಒಬ್ಬರನ್ನು ಉಳಿಸಿಕೊಳ್ಳಲು ಹೋಗಿ ಥ್ಯಾಚರ್ ಇಬ್ಬರನ್ನೂ ಕಳೆದುಕೊಂಡರು. ಮುಂದಿನ ವರ್ಷದ ನವೆಂಬರ್‌ನಲ್ಲಿ ಅವರೂ ಅಧಿಕಾರ ಬಿಟ್ಟರು.

ಇಂದಿರಾ ಗಾಂಧಿ ಮತ್ತು ಪಿ.ಎನ್. ಹಕ್ಸರ್ ಸಂಬಂಧ ನನ್ನನ್ನು ಬಹಳ ಕಾಡಿದೆ. ಹಕ್ಸರ್ 1967ರಲ್ಲಿ ಪ್ರಧಾನಿಯ ಕಾರ್ಯದರ್ಶಿಯಾದರು. 1969ರ ಜುಲೈನಲ್ಲಿ ಬೆಂಗಳೂರಿನ ಎಐಸಿಸಿ ಅಧಿವೇಶನಕ್ಕೆ ಇಂದಿರಾ ಆರ್ಥಿಕ ನೀತಿಯ ಟಿಪ್ಪಣಿ ಕಳಿಸಿದರು, ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು, ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಮಾಡಿದರು. ಆ ಎಲ್ಲ ನಡೆಗಳ ಹಿಂದೆ ಹಕ್ಸರ್ ಬುದ್ಧಿ ಇತ್ತು. 1971ರ ಬಾಂಗ್ಲಾ ಯುದ್ಧದ ಕಾಲದಲ್ಲೂ ಇತ್ತು. ಅವರ ಬಲ ಇದ್ದದ್ದು ಎಲ್ಲಿ ಗೊತ್ತಾ? ಪ್ರಧಾನಿಗೆ ರುಚಿಸದ್ದನ್ನೂ ಅವರು ಟಿಪ್ಪಣಿಯಲ್ಲಿ ಬರೆದು ಎದುರಿಗೆ ಇಡುತ್ತಿದ್ದರು. ಸಂಜಯ್ ಗಾಂಧಿಯ ಮಾರುತಿ ಕಾರು ಯೋಜನೆಗೂ ಅವರು ವಿರುದ್ಧವಾಗಿದ್ದರು, ಅದನ್ನು ಮುಚ್ಚಿಡಲಿಲ್ಲ.

ಇಂದಿರಾ ಹಕ್ಸರ್ ಅವರಿಗೆ ಎದುರು ಮಾತಾಡಲಿಲ್ಲ. ಆದರೆ ನಿಧಾನವಾಗಿ ಕೆಲಸ ಬೇರೆ ದಾರಿ ಹಿಡಿಯಿತು. 1973ರ ಆರಂಭದಲ್ಲಿ ಹಕ್ಸರ್ ಹೊರಬಂದರು. ಅವರ ನಂತರ ಪಿ.ಎನ್. ಧರ್ ಕಚೇರಿ ನಡೆಸಿದರು. ಆದರೆ ಅಧಿಕಾರ ಕಚೇರಿಯಿಂದ ಪ್ರಧಾನಿಯ ಮನೆಗೆ ಹರಿದುಹೋಗಿತ್ತು, ಸಂಜಯ್ ಮತ್ತು ಆಪ್ತ ಸಹಾಯಕ ಆರ್.ಕೆ. ಧವನ್ ಕಡೆಗೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿ ಸಹಿ ಹಾಕಿದರು. ಸಂಪುಟಕ್ಕೆ ಅದು ಗೊತ್ತಾದದ್ದು ಮರುದಿನ ಬೆಳಗ್ಗೆ. ಅದೇ ತುರ್ತು ಪರಿಸ್ಥಿತಿಯಲ್ಲಿ ದೆಹಲಿಯ ಕನಾಟ್ ಪ್ಲೇಸಿನಲ್ಲಿದ್ದ ಹಕ್ಸರ್ ಬಂಧುಗಳ ಅಂಗಡಿಯ ಮೇಲೆ ದಾಳಿ ನಡೆಯಿತು. ವಯಸ್ಸಾದ ಚಿಕ್ಕಪ್ಪನನ್ನು ಬಂಧಿಸಿದರು. ಹಕ್ಸರ್ ಆಗ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದರು! ಎದುರು ಕೂರಿಸಿಕೊಂಡು, ನಿಮ್ಮ ಸಲಹೆ ಇನ್ನು ಬೇಡ ಅಂದಿದ್ದರೆ ಅದು ಎಷ್ಟೋ ಗೌರವದ ನಡತೆ ಆಗುತ್ತಿತ್ತು.

ಎದುರು ಕೂರಿಸಿಕೊಳ್ಳುವ ಬಗ್ಗೆ ಒಂದು ಮಾತು. ನಮ್ಮ ಸರ್ಕಾರಿ ಕಡತಗಳಲ್ಲಿ "ಚರ್ಚಿಸಿ" ಅಂತಷ್ಟೇ ಬರೆದು ವಾಪಸ್ ಕಳಿಸುವ ರೂಢಿ ಇದೆ. ಹೊರಗಿನವರಿಗೆ ಅದು ಕಾಲಹರಣದಂತೆ ಕಾಣುತ್ತದೆ. ಕೆಲವು ಸಲ ಹೌದು ಕೂಡ. ಆದರೆ ಒಳ್ಳೆಯ ಮೇಲಧಿಕಾರಿ ಅದನ್ನು ಬಳಸುವುದು ಬೇರೆ ಕಾರಣಕ್ಕೆ. ಸಹೋದ್ಯೋಗಿಯ ಸಲಹೆಯನ್ನು ಕಡತದಲ್ಲಿ ತಳ್ಳಿಹಾಕಿದರೆ ಅದು ಶಾಶ್ವತ ದಾಖಲೆ, ಹತ್ತು ಜನ ಓದುತ್ತಾರೆ. ಕೋಣೆಯಲ್ಲಿ ಕೂರಿಸಿಕೊಂಡು ಬೇಡ ಅಂದರೆ ಮರ್ಯಾದೆ ಉಳಿಯುತ್ತದೆ. ಅಬ್ರಹಾಂ ಲಿಂಕನ್ ಇದನ್ನು ಚೆನ್ನಾಗಿ ಬಲ್ಲವರು. 1861ರ ಏಪ್ರಿಲ್ 1ರಂದು ಅವರ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸಿವಾರ್ಡ್ ಒಂದು ಟಿಪ್ಪಣಿ ಕೊಟ್ಟರು. ಸರ್ಕಾರಕ್ಕೆ ನೀತಿಯೇ ಇಲ್ಲ, ಬೇಕಾದರೆ ಚುಕ್ಕಾಣಿ ನಾನು ಹಿಡಿಯುತ್ತೇನೆ ಅನ್ನುವ ಧಾಟಿ. ಲಿಂಕನ್ ಉತ್ತರ ಬರೆದರು. ಆದರೆ ಆ ಕಾಗದ ಅವರ ಕಡತದಲ್ಲೇ ಉಳಿಯಿತು. ಅವರು ಬಾಯಿಮಾತಿನಲ್ಲೇ ಮುಗಿಸಿದರು ಅಂತ ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಸಿವಾರ್ಡ್ ಕೊನೆಯವರೆಗೂ ಅವರ ಜೊತೆಗೇ ಇದ್ದರು, ನಿಷ್ಠೆಯಿಂದ.

ರಾಜ್ಯಗಳ ಮಟ್ಟದಲ್ಲಿ ಈಗ "ಸಲಹೆಗಾರ" ಹುದ್ದೆಯೇ ಸಮಾಧಾನದ ಬಹುಮಾನ ಆಗಿಬಿಟ್ಟಿದೆ. 2003ರ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಸಂಖ್ಯೆ ಸದನದ ಬಲದ ಶೇ. 15ನ್ನು ಮೀರುವಂತಿಲ್ಲ. 224 ಸದಸ್ಯರ ನಮ್ಮ ವಿಧಾನಸಭೆಗೆ ಮುಖ್ಯಮಂತ್ರಿಯೂ ಸೇರಿ 34 ಜನ. ಉಳಿದ ಆಕಾಂಕ್ಷಿಗಳಿಗೆ ಸಂಪುಟ ದರ್ಜೆ, ಕಾರು, ಕಚೇರಿ ಸಿಗುತ್ತದೆ. ಅವರ ಸಲಹೆಯನ್ನು ಯಾರೂ ಕೇಳುವುದಿಲ್ಲ. ಇದು ನಿಜಕ್ಕೂ ಬೇಸರದ ವಿಷಯ, ಯಾಕೆಂದರೆ ಇದರಿಂದ ನಿಜವಾದ ಸಲಹೆಗಾರರ ಬೆಲೆಯೂ ಕೆಡುತ್ತದೆ.

ನಿಮ್ಮ ಕೊನೆಯ ಪ್ರಶ್ನೆ, ಹೊರಗೆ ಮಾತಾಡುವುದು ದ್ರೋಹವೇ ಅನ್ನುವುದು. ಇದಕ್ಕೆ ಅಮೆರಿಕದ ಜೊತೆಗಿನ ಅಣು ಒಪ್ಪಂದದ ಕಾಲದ ಪ್ರಸಂಗ ಹೇಳುತ್ತೇನೆ. 2005ರ ಜುಲೈನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ವಾಷಿಂಗ್ಟನ್‌ಗೆ ಹೋದಾಗ ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಜೊತೆಗಿದ್ದರು. ಅವರ ಆಕ್ಷೇಪದಿಂದ ಒಪ್ಪಂದ ಕೊನೆಯ ಗಳಿಗೆಯಲ್ಲಿ ನಿಂತೇಹೋಗುವ ಹಂತಕ್ಕೆ ಬಂತು. ಪ್ರಧಾನಿ ತಮ್ಮ ವಿಜ್ಞಾನಿಯ ಪರ ನಿಂತರು. ಕರಡು ತಿದ್ದಿದ ಮೇಲೆಯೇ ಜುಲೈ 18ರ ಜಂಟಿ ಹೇಳಿಕೆ ಹೊರಬಂತು. 2006ರ ಫೆಬ್ರವರಿಯಲ್ಲಿ ಯಾವ ಸ್ಥಾವರಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಬಿಡಬೇಕು ಅನ್ನುವ ಚರ್ಚೆ ನಡೆಯುತ್ತಿತ್ತು. ಆಗ ಕಾಕೋಡ್ಕರ್ ಪತ್ರಿಕೆಗೆ ಸಂದರ್ಶನ ಕೊಟ್ಟು, ಫಾಸ್ಟ್ ಬ್ರೀಡರ್ ರಿಯಾಕ್ಟರುಗಳನ್ನು (ಉರಿಸುವುದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ಅಣು ಸ್ಥಾವರಗಳನ್ನು) ಆ ಪಟ್ಟಿಗೆ ಸೇರಿಸಕೂಡದು ಅಂತ ಬಹಿರಂಗವಾಗಿ ಹೇಳಿಬಿಟ್ಟರು. ಮಾತುಕತೆಯ ನಡುವೆ ಸರ್ಕಾರದ ಅಧಿಕಾರಿಯೇ ಹೀಗೆ ಮಾತಾಡುವುದು ಸಣ್ಣ ವಿಷಯವಲ್ಲ.

ಮನಮೋಹನ್ ಸಿಂಗ್ ಕಾಕೋಡ್ಕರ್ ಅವರನ್ನು ತೆಗೆಯಲಿಲ್ಲ, ಸಂಸತ್ತಿನಲ್ಲಿ ಚಿಕ್ಕವರನ್ನಾಗಿ ಮಾಡಲಿಲ್ಲ. ಮಾರ್ಚ್‌ನಲ್ಲಿ ಜಾರ್ಜ್ ಬುಷ್ ದೆಹಲಿಗೆ ಬಂದಾಗ ಒಪ್ಪಿಗೆಯಾದ ಯೋಜನೆಯಲ್ಲಿ 22ರಲ್ಲಿ 14 ರಿಯಾಕ್ಟರುಗಳು ತಪಾಸಣೆಗೆ ಹೋದವು, ಫಾಸ್ಟ್ ಬ್ರೀಡರ್‌ಗಳು ಹೊರಗೇ ಉಳಿದವು. ಆಗಸ್ಟ್‌ನಲ್ಲಿ ಹಿರಿಯ ನಿವೃತ್ತ ವಿಜ್ಞಾನಿಗಳ ಗುಂಪು ಸಂಸದರಿಗೆ ಬಹಿರಂಗ ಮನವಿ ಮಾಡಿತು. ಅದರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಂ.ಆರ್. ಶ್ರೀನಿವಾಸನ್ ಕೂಡ ಇದ್ದರು. ಪ್ರಧಾನಿ ರಾಜ್ಯಸಭೆಯಲ್ಲಿ ವಿವರವಾಗಿ ಉತ್ತರ ಕೊಟ್ಟು, ಆಮೇಲೆ ಆ ವಿಜ್ಞಾನಿಗಳನ್ನೇ ಕರೆಸಿ ಮಾತಾಡಿದರು. ಎಲ್ಲರೂ ಒಪ್ಪಲಿಲ್ಲ. ಆದರೆ ತಮ್ಮನ್ನು ಕೇಳಲೇ ಇಲ್ಲ ಅನ್ನುವ ದೂರು ಉಳಿಯಲಿಲ್ಲ. ಕಾಕೋಡ್ಕರ್ 2009ರವರೆಗೆ ಅದೇ ಹುದ್ದೆಯಲ್ಲಿ ಮುಂದುವರಿದರು, ಒಪ್ಪಂದದ ಪರವಾಗಿಯೇ ನಿಂತರು.

ಹಾಗಾಗಿ ನನ್ನ ಉತ್ತರ ಇದು. ಒಳಗೆ ಹೇಳಿ, ಅದನ್ನೇ ಹೊರಗೂ ಹೇಳಿದರೆ ಅದನ್ನು ದ್ರೋಹ ಅನ್ನಲಾಗದು. ಒಳಗೆ ತಲೆಯಾಡಿಸಿ ಹೊರಗೆ ಸುದ್ದಿ ಸೋರಿಸಿದರೆ ಖಂಡಿತ ದ್ರೋಹ. ಕಾಕೋಡ್ಕರ್ ವಾಷಿಂಗ್ಟನ್ನಿನ ಕೋಣೆಯಲ್ಲಿ ಹೇಳಿದ್ದೂ ಪತ್ರಿಕೆಯಲ್ಲಿ ಹೇಳಿದ್ದೂ ಬೇರೆ ಬೇರೆ ಆಗಿರಲಿಲ್ಲ. ನೀವು ಇದರ ಮೇಲೆ ಪ್ರಬಂಧ ಬರೆಯುವುದಾದರೆ ಈ ಪ್ರಸಂಗವನ್ನೂ 1959ರ ತಿಮ್ಮಯ್ಯ ಪ್ರಸಂಗವನ್ನೂ ಪಕ್ಕಪಕ್ಕ ಇಟ್ಟು ಓದಿ. ಇಬ್ಬರು ಪ್ರಧಾನಿಗಳೂ ಸಂಸತ್ತಿನಲ್ಲಿ ಆಡಿದ ಮಾತುಗಳು ಸಂಸತ್ತಿನ ನಡಾವಳಿಯಲ್ಲಿ ಸಿಗುತ್ತವೆ.